ಗಡಿಗೆರೆಗೂ ಒಂದು ತಾರೀಕು ಬೇಕು: ಕರ್ನಾಟಕದ ಗ್ರಾಮ ಆಡಳಿತ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಗ್ರಾಮ ಆಡಳಿತ ಅಧಿಕಾರಿಗಳೇ,

ವಿಜಯನಗರ ಜಿಲ್ಲೆಯಲ್ಲಿ 2011ರಲ್ಲಿ ಎಷ್ಟು ಜನರಿದ್ದರು? ಆ ಸಲದ ಜನಗಣತಿಯ ಯಾವ ಪುಸ್ತಕ ತೆರೆದರೂ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. ಆಗ ಆ ಜಿಲ್ಲೆಯೇ ಇರಲಿಲ್ಲ. ರಾಜ್ಯದ 31ನೇ ಜಿಲ್ಲೆಯಾಗಿ ಅದು ಹುಟ್ಟಿದ್ದು 2021ರಲ್ಲಿ. ಸರಿ, ಹಳೆಯ ಬಳ್ಳಾರಿ ಜಿಲ್ಲೆಯ ಕೆಲವು ತಾಲೂಕುಗಳ ಲೆಕ್ಕ ಕೂಡಿಸಿದರಾಯಿತು ಎಂದು ಕೂತರೆ ಅದೂ ಆಗುವುದಿಲ್ಲ. 2011ರ ಹೊಸಪೇಟೆ ತಾಲೂಕಿನಲ್ಲಿ ಕಂಪ್ಲಿಯೂ ಸೇರಿತ್ತು. ಆಮೇಲೆ ಕಂಪ್ಲಿ ಬೇರೆ ತಾಲೂಕಾಯಿತು. ಜಿಲ್ಲೆ ಒಡೆದಾಗ ಹೊಸಪೇಟೆ ವಿಜಯನಗರಕ್ಕೆ ಹೋಯಿತು, ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ಹಾಗಾಗಿ ಹಳೆಯ ಹೊಸಪೇಟೆ ತಾಲೂಕಿನ ಒಟ್ಟು ಸಂಖ್ಯೆ ಈಗ ಯಾವ ಜಿಲ್ಲೆಗೂ ಪೂರ್ತಿಯಾಗಿ ಸಲ್ಲುವುದಿಲ್ಲ.

ಇನ್ನು ಹರಪನಹಳ್ಳಿಯ ಕಥೆ. 1991ರ ಗಣತಿಯಲ್ಲಿ ಅದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅತ್ತ ಹೋಯಿತು. 2001 ಮತ್ತು 2011ರ ಗಣತಿಗಳಲ್ಲಿ ದಾವಣಗೆರೆಯ ಲೆಕ್ಕಕ್ಕೆ ಬಂತು. ಸಂವಿಧಾನದ 371ಜೆ ವಿಧಿಯ ಸವಲತ್ತು ಸಿಗಲೆಂದು 2018ರಲ್ಲಿ ಮರಳಿ ಬಳ್ಳಾರಿಗೆ ಸೇರಿತು. ಮೂರು ವರ್ಷ ಕಳೆಯುವಷ್ಟರಲ್ಲಿ ವಿಜಯನಗರದ ಪಾಲಾಯಿತು. ಆದರೆ ಲೋಕಸಭೆಗೆ ಅಲ್ಲಿಯ ಜನ ದಾವಣಗೆರೆ ಕ್ಷೇತ್ರಕ್ಕೇ ಮತ ಹಾಕುತ್ತ ಬಂದಿದ್ದಾರೆ, ಏಕೆಂದರೆ ಆ ಕ್ಷೇತ್ರದ ಗೆರೆಗಳು 2008ರಲ್ಲಿ, 2001ರ ಜನಸಂಖ್ಯೆಯನ್ನು ನೋಡಿ ಎಳೆದವು. ಸುಮಾರು ಮೂರು ಲಕ್ಷ ಜನರ ತಾಲೂಕೊಂದು ಇದ್ದಲ್ಲೇ ಇದ್ದು ಮೂರು ಜಿಲ್ಲೆ ಕಂಡಿದೆ.

ಹೀಗಿರುವಾಗ, ವಿಜಯನಗರ ಜಿಲ್ಲೆಯ ಜನ ಹದಿನಾರು ವರ್ಷಗಳಲ್ಲಿ ಎಷ್ಟು ಹೆಚ್ಚಿದರು, ಹೆಣ್ಣುಮಕ್ಕಳ ಪ್ರಮಾಣ ಏರಿತೋ ಇಳಿಯಿತೋ ಎಂದು 2027ರ ಗಣತಿಯ ನಂತರ ತಿಳಿಯಬೇಕಾದರೆ ಇರುವುದು ಒಂದೇ ದಾರಿ. ಜಿಲ್ಲೆ, ತಾಲೂಕುಗಳನ್ನು ಬದಿಗಿಟ್ಟು ಊರಿಗೆ ಇಳಿಯಬೇಕು. 2011ರ ಊರಿನ ಪಟ್ಟಿ ಹಿಡಿದು, ಈ ಊರು ಈಗ ಎಲ್ಲಿದೆ, ಆ ಊರು ಯಾವ ಹೋಬಳಿಗೆ ಹೋಯಿತು ಎಂದು ಒಂದೊಂದನ್ನೇ ಹೊಂದಿಸುತ್ತ ಕೂಡಿಸಬೇಕು. ಜನಸಂಖ್ಯೆಯ ನಕ್ಷೆ ಮಾಡುವ ನನ್ನಂಥವರ ಕೆಲಸದಲ್ಲಿ ಬಹುಪಾಲು ಹೊತ್ತು ಹೋಗುವುದು ಈ ಹೊಂದಿಸುವಿಕೆಯಲ್ಲೇ. ಜಿಲ್ಲೆಗಳು ಒಡೆಯುತ್ತವೆ, ತಾಲೂಕುಗಳು ಒಡೆಯುತ್ತವೆ. ಕಂದಾಯ ಗ್ರಾಮ ಒಡೆಯದೆ ಇರುವವರೆಗೆ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳಬಹುದು. ಆ ಕಂದಾಯ ಗ್ರಾಮದ ಉಸ್ತುವಾರಿ ನಿಮ್ಮದು. ವಿಧಾನಸೌಧಕ್ಕೋ ದೆಹಲಿಗೋ ಬರೆಯುವ ಬದಲು ಈ ಪತ್ರವನ್ನು ನಿಮಗೆ ಬರೆಯುತ್ತಿರುವುದು ಅದಕ್ಕೇ.

ಗಣತಿಗೆ ಮುನ್ನ ಆಡಳಿತದ ಗಡಿಗಳನ್ನೆಲ್ಲ ಒಂದು ದಿನಕ್ಕೆ ನಿಲ್ಲಿಸುವುದು ಕಾನೂನಿನ ಪದ್ಧತಿ. 2021ರ ಗಣತಿಗಾಗಿ 2019ರ ಡಿಸೆಂಬರ್ 31 ಎಂದಿದ್ದ ಗಡುವು ಕೋವಿಡ್ ಬಂದ ಮೇಲೆ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಡಿಸೆಂಬರ್ 31ಕ್ಕೆ ಗಡಿಗಳು ನಿಂತವು. 2027ರ ಮಾರ್ಚ್ 31ರವರೆಗೆ ಜಿಲ್ಲೆ, ತಾಲೂಕು, ಪಟ್ಟಣ, ಊರು ಯಾವುದರ ಗೆರೆಯನ್ನೂ ಕದಲಿಸುವಂತಿಲ್ಲ. ನಡುವೆ 2027ರ ಮಾರ್ಚ್ 1ರ ಶೂನ್ಯ ಗಂಟೆಯನ್ನು ಆಧಾರವಾಗಿಟ್ಟುಕೊಂಡು ದೇಶದ ಬಹುಭಾಗದಲ್ಲಿ ತಲೆಎಣಿಕೆ ನಡೆಯುತ್ತದೆ. ಕಳೆದ ಗಣತಿಯಲ್ಲಿ ಕರ್ನಾಟಕದಲ್ಲಿ 30 ಜಿಲ್ಲೆ, 176 ತಾಲೂಕು, 29,340 ಊರುಗಳಿದ್ದವು. 2017ರ ಬಜೆಟ್ಟಿನಲ್ಲಿ ಒಂದೇ ಸಲಕ್ಕೆ 49 ಹೊಸ ತಾಲೂಕುಗಳ ಘೋಷಣೆಯಾಯಿತು, ಆಮೇಲೂ ಕೆಲವು ಸೇರಿದವು. ಹದಿನೈದು ವರ್ಷಗಳ ಈ ಬದಲಾವಣೆಯೆಲ್ಲ ಒಂದೇ ಗಣತಿಯ ಮೇಲೆ ಬಂದು ಬಿದ್ದಿದೆ. ಗೆರೆಗಳು ಅಲುಗಾಡದೆ ನಿಂತಿರುವ ಈ ತಿಂಗಳುಗಳಲ್ಲೇ ಅವುಗಳ ಜಾತಕ ಬರೆದಿಡದಿದ್ದರೆ ಮುಂದೆ ಯಾರಿಂದಲೂ ಬರೆಯಲಾಗುವುದಿಲ್ಲ.

ನಿಮ್ಮ ಕೈಗೆ ಬಂದಿರುವ ಗ್ರಾಮನಕಾಶೆಯ ಹಿನ್ನೆಲೆಯನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ಮೂವತ್ಮೂರು ಅಡಿಯ ಸರಪಳಿ, ಅದರ ಹದಿನಾರು ಆಣೆ, ಒಂದು ಸರಪಳಿ ಚೌಕಕ್ಕೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಟಿಪ್ಪಣಿ, ಪಕ್ಕಾ ಪುಸ್ತಕ, ಆಕಾರಬಂದು. ಆದರೆ ಈ ನಕಾಶೆಗಳು ಒಂದೇ ಕೈಯಿಂದ ಬಂದವಲ್ಲ ಎಂಬುದನ್ನು ಕಂಪ್ಯೂಟರಿನ ಮುಂದೆ ಕೂತವರು ಮರೆಯುತ್ತಾರೆ. ಹಳೆಯ ಮೈಸೂರಿನದು ಒಂದು ಅಳತೆ, ಮುಂಬಯಿ ಪ್ರಾಂತದ ಧಾರವಾಡ, ಬೆಳಗಾವಿ, ವಿಜಯಪುರದ್ದು ಇನ್ನೊಂದು, ಹೈದರಾಬಾದ್ ನಿಜಾಮರ ಕಡೆಯದು ಮತ್ತೊಂದು. ದಕ್ಷಿಣ ಕನ್ನಡದಲ್ಲಿ, 1953ರಲ್ಲಷ್ಟೇ ಮೈಸೂರಿಗೆ ಸೇರಿದ ಬಳ್ಳಾರಿಯಲ್ಲಿ ಮದರಾಸಿನ ಪದ್ಧತಿ. ಒಂದೊಂದು ಊರನ್ನೂ ಅದರದೇ ಕಲ್ಲುಗಳಿಂದ ಅಳೆದರು. ಪಕ್ಕದ ಊರಿನ ಹಾಳೆಯ ಜೊತೆ ಇದು ಕೂಡಿಕೊಳ್ಳಬೇಕು ಎಂಬುದು ಅವತ್ತಿನ ಸರ್ವೆಯವರ ಚಿಂತೆಯಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಕಂದಾಯ.

ನೂರೈವತ್ತು ವರ್ಷದ ಆ ಬಟ್ಟೆಯ, ಕಾಗದದ ಹಾಳೆಗಳನ್ನು ಸ್ಕ್ಯಾನ್ ಮಾಡಿ ಉಪಗ್ರಹದ ಚಿತ್ರದ ಮೇಲೆ ಕೂಡಿಸಿದಾಗ ಎರಡು ಊರುಗಳ ನಡುವೆ ಯಾರಿಗೂ ಸೇರದ ಸಂದು ಕಾಣುತ್ತದೆ. ಮತ್ತೊಂದು ಕಡೆ ಎರಡು ಊರೂ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಹಳ್ಳದ ಪಾತ್ರ ಬದಲಾಗಿರುತ್ತದೆ, ಕೆರೆ ಒಣಗಿ ಬಡಾವಣೆಯಾಗಿರುತ್ತದೆ. ತೆರೆಯ ಮೇಲೆ ಕಾಣುವ ಈ ಸಂದನ್ನು ಎಂಜಿನಿಯರುಗಳು ಒಂದು ಗುಂಡಿ ಒತ್ತಿ ಮುಚ್ಚಿಬಿಡಬಹುದು. ಆ ಸಂದಿನಲ್ಲಿ ಹತ್ತು ಗುಡಿಸಲಿದ್ದರೆ ಅವು ಯಾವ ಊರಿಗೆ ಹೋದವು? ಆ ನಿರ್ಧಾರ ಮಾಡಬೇಕಾದದ್ದು ಮೂರು ಊರಿನ ಗಡಿ ಕೂಡುವ ಕಲ್ಲು ಎಲ್ಲಿದೆ ಎಂದು ನಡೆದು ನೋಡಿದವರು. ಗಡಿಕಲ್ಲು ಕಿತ್ತರೆ ಏನಾಗುತ್ತದೆ ಎಂಬುದನ್ನು ಬಳ್ಳಾರಿ ಸೀಮೆ ತಿಳಿದಿದೆ. ಗಣಿಗಾರಿಕೆಯ ಕಾಲದಲ್ಲಿ ಅಲ್ಲಿ ಎರಡು ರಾಜ್ಯಗಳ ಗಡಿಯ ಗುರುತುಗಳೇ ಅಳಿಸಿಹೋಗಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸರ್ವೆ ಆಫ್ ಇಂಡಿಯಾ ಬಂದು ಹೊಸದಾಗಿ ಅಳೆಯಬೇಕಾಯಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ತಾಂಡಾಗಳ ವಿಷಯ.

ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ನಾಯಕರ ಹಟ್ಟಿ, ಮಜರೆ, ಕ್ಯಾಂಪು, ಕಾಲೊನಿ. ಇವುಗಳಲ್ಲಿ ಎಷ್ಟೋ ನೂರು ವರ್ಷದಿಂದ ಇದ್ದರೂ ದಾಖಲೆಯಲ್ಲಿ ಊರುಗಳಾಗಿರಲಿಲ್ಲ. ಮನೆ ಕಟ್ಟಿಕೊಂಡ ಜಾಗ ಯಾರದೋ ಸರ್ವೆ ನಂಬರು, ಇಲ್ಲವೇ ಸರ್ಕಾರದ್ದು. ರಾಜ್ಯ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಅವುಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸ ಬಿರುಸಾಯಿತು. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲೇ ಸುಮಾರು 1,475 ದಾಖಲೆರಹಿತ ಜನವಸತಿಗಳು ಕಂದಾಯ ಗ್ರಾಮಗಳಾದವು. 2025ರ ಮೇ 20ರಂದು ಹೊಸಪೇಟೆಯಲ್ಲಿ ಇನ್ನೂ 1,11,111 ಹಕ್ಕುಪತ್ರಗಳ ವಿತರಣೆಯಾಯಿತು. ಸರ್ಕಾರಗಳು ಬದಲಾದರೂ ಈ ಕೆಲಸ ನಿಲ್ಲಲಿಲ್ಲ. ಎಲ್ಲ ಪಕ್ಷಗಳೂ ತಮ್ಮದೆಂದು ಹೇಳಿಕೊಳ್ಳುವ ಈ ಸಾಧನೆಯ ಹಿಂದೆ ಮನೆಮನೆಗೆ ಹೋಗಿ ಪಟ್ಟಿ ಮಾಡಿದವರು, ಚಕ್ಕುಬಂದಿ ಬರೆದವರು, ಭೂಮಾಪಕರ ಜೊತೆ ಬಿಸಿಲಿನಲ್ಲಿ ನಿಂತವರು ನೀವು. ನನ್ನ ದೃಷ್ಟಿಯಲ್ಲಿ ಈ ನಾಡಿನ ಕಂದಾಯ ಇಲಾಖೆ ಇತ್ತೀಚಿನ ದಿನಗಳಲ್ಲಿ ಮಾಡಿದ ಅತ್ಯಂತ ನ್ಯಾಯವಾದ ಕೆಲಸ ಇದು.

ಆದರೆ ಈ ನ್ಯಾಯವಾದ ಕೆಲಸದಿಂದಲೇ ಮೂಲ ಗ್ರಾಮಕ್ಕೆ ಪೆಟ್ಟು ಬೀಳುವ ಸಾಧ್ಯತೆಯಿದೆ. ಒಂದು ಊರು ಎಂದುಕೊಳ್ಳಿ. 2011ರಲ್ಲಿ ಅದರ ಮೂರು ತಾಂಡಾಗಳೂ ಸೇರಿ ಜನಸಂಖ್ಯೆ 3,000 ಆಗಿತ್ತು. ಈಗ ಮೂರು ತಾಂಡಾಗಳೂ ಬೇರೆ ಕಂದಾಯ ಗ್ರಾಮಗಳಾಗಿವೆ. ಮೂಲ ಗ್ರಾಮದಲ್ಲಿ ಸಂಸಾರಗಳು ಬೆಳೆದು ಮನೆಗಳು ಹೆಚ್ಚಿವೆ. ಆದರೂ 2027ರ ಲೆಕ್ಕದಲ್ಲಿ ಅಲ್ಲಿ 2,100 ಜನ ಕಾಣುತ್ತಾರೆ. ತಾಂಡಾಗಳ ಹೆಸರಿನ ಮುಂದೆ 2011ರ ಕಾಲಂ ಖಾಲಿ. ಈ ಪಟ್ಟಿಯನ್ನು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ನೋಡುವ ಅಧಿಕಾರಿಗೆ ಏನು ಅನ್ನಿಸಬೇಕು? ಊರಿನ ನೂರಕ್ಕೆ ಮೂವತ್ತು ಜನ ಗುಳೆ ಹೋಗಿದ್ದಾರೆ, ಇಲ್ಲಿಯ ಶಾಲೆಗೆ ಇನ್ನು ಇಷ್ಟು ಕೊಠಡಿ ಬೇಡ, ಉಪಕೇಂದ್ರ ಬೇರೆಡೆಗೆ ಹೋಗಲಿ, ಬಸ್ಸಿನ ಟ್ರಿಪ್ಪು ಕಡಿಮೆ ಮಾಡಿ. ಕಲ್ಯಾಣ ಕರ್ನಾಟಕದಲ್ಲಿ ಗುಳೆ ನಿಜವಾಗಿಯೂ ಇರುವುದರಿಂದ ಈ ತಪ್ಪು ತೀರ್ಮಾನವನ್ನು ಯಾರೂ ಅನುಮಾನಿಸುವುದೂ ಇಲ್ಲ. ಗುಳೆ ಹೋದವರ ಲೆಕ್ಕವೂ ಕೆಡುತ್ತದೆ, ಉಳಿದವರ ಲೆಕ್ಕವೂ ಕೆಡುತ್ತದೆ. ಇದನ್ನು ತಡೆಯಲು ಬೇಕಾದದ್ದು ಒಂದೇ ಸಾಲಿನ ಬರಹ: ಇಂಥ ಹೊಸ ಗ್ರಾಮವು ಇಂಥ ಮೂಲ ಗ್ರಾಮದ ಇಂಥ ಸರ್ವೆ ನಂಬರುಗಳಿಂದ, ಇಂಥ ದಿನಾಂಕದ ಅಧಿಸೂಚನೆಯಂತೆ ಬೇರ್ಪಟ್ಟಿದೆ.

ಆ ಸಾಲು ಅಧಿಸೂಚನೆಯಲ್ಲಿ ಇದ್ದೇ ಇದೆಯಲ್ಲ ಎನ್ನಬಹುದು. ಇದೆ, ರಾಜ್ಯಪತ್ರದ ಹಾಳೆಗಳಲ್ಲಿ ಚೆಲ್ಲಾಪಿಲ್ಲಿಯಾಗಿ. ತಾಲೂಕಿನ ಎಲ್ಲ ಬದಲಾವಣೆಗಳೂ ಒಂದೆಡೆ ಸಿಗುವ ಪುಸ್ತಕ ಎಷ್ಟು ತಾಲೂಕು ಕಚೇರಿಗಳಲ್ಲಿದೆ? ಶಾನುಭೋಗರ ಕಾಲದಲ್ಲಿ ಅದು ಒಬ್ಬರ ತಲೆಯಲ್ಲಿ, ಒಂದು ಮನೆತನದ ಕಡತದಲ್ಲಿ ಇರುತ್ತಿತ್ತು. ಗಡಿ ತೋರಿಸಲು ತಳವಾರ ಇರುತ್ತಿದ್ದ. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯ್ದೆ ತೆಗೆದುಹಾಕಿತು. ತೆಗೆದದ್ದು ಸರಿಯೇ, ಊರಿನ ದಾಖಲೆ ಯಾರದೋ ಮನೆಯ ಸೊತ್ತಾಗಬಾರದು. ಆದರೆ ವರ್ಗಾವಣೆಯಾಗಿ ಹೋಗುವ ನೌಕರರ ಕಾಲದಲ್ಲಿ ಆ ನೆನಪಿಗೆ ಬೇರೆ ಜಾಗ ಮಾಡಿಕೊಡಬೇಕಿತ್ತು, ಅದು ಪೂರ್ತಿಯಾಗಿ ಆಗಲಿಲ್ಲ. 2000ದ ಹೊತ್ತಿಗೆ ಬಂದ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೇ ಮಾದರಿಯಾಯಿತು. ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. ಇವೆಲ್ಲ ಇವತ್ತಿನ ಸ್ಥಿತಿಯನ್ನು ತೋರಿಸುತ್ತವೆ. ನಿನ್ನೆ ಏನಿತ್ತು, ಯಾವಾಗ ಬದಲಾಯಿತು ಎಂಬುದು ಹೊಸ ಗೆರೆಯ ಕೆಳಗೆ ಮರೆಯಾಗುತ್ತದೆ.

ಹೆಸರುಗಳ ಪಾಡೂ ಇದೇ. 2011ರ ಅಂಕಿಅಂಶದ ಕಡತಗಳಲ್ಲಿ ಗುಲ್ಬರ್ಗ, ಬಿಜಾಪುರ, ಬೆಳಗಾಂ ಇವೆ. 2014ರ ನವೆಂಬರ್ 1ರಿಂದ ಹನ್ನೆರಡು ಊರುಗಳ ಹೆಸರು ಬದಲಾಯಿತು. ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ದೊಡ್ಡ ಊರುಗಳ ಹೆಸರು ಎಲ್ಲರಿಗೂ ಗೊತ್ತಿರುವುದರಿಂದ ತೊಡಕಿಲ್ಲ. ತಾಲೂಕಿಗೆ ನಾಲ್ಕು ಹೊಸಹಳ್ಳಿ, ಐದು ಬಸಾಪುರ ಇರುವ ಕಡೆ ಏನು ಮಾಡುವುದು? ಒಂದು ಇಲಾಖೆ ಖುರ್ದ್, ಬುದ್ರುಕ್ ಎಂದು ಬರೆದರೆ ಇನ್ನೊಂದು ಇಲಾಖೆ ಅದನ್ನು ಬಿಟ್ಟುಬಿಡುತ್ತದೆ. ಇದಕ್ಕಾಗಿಯೇ ಊರಿಗೊಂದು ಸಂಕೇತ ಸಂಖ್ಯೆ ಇರುವುದು. 2011ರ ಗಣತಿಯಲ್ಲಿ ಕರ್ನಾಟಕಕ್ಕೆ 29, ಬಳ್ಳಾರಿಗೆ 565, ದಾವಣಗೆರೆಗೆ 567, ಪ್ರತಿ ಊರಿಗೂ ಆರು ಅಂಕಿಯ ಒಂದು ಸಂಖ್ಯೆ. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ಇನ್ನೊಂದು ಸಂಖ್ಯೆ, ‘ಭೂಮಿ’ಯಲ್ಲಿ ಮತ್ತೊಂದು. ನಿಮ್ಮ ಪಟ್ಟಿಯಲ್ಲಿ ಊರಿನ ಹೆಸರಿನ ಪಕ್ಕ ಈ ಸಂಖ್ಯೆಗಳನ್ನು ಬರೆದರೆ ಸಾಕು, ಮೂರು ಇಲಾಖೆಗಳ ಕಡತಗಳು ಒಂದನ್ನೊಂದು ಗುರುತಿಸುತ್ತವೆ. ಹೆಸರು ಮಾತ್ರ ಬರೆದು ಕಳಿಸಿದ ಪಟ್ಟಿ ಅರ್ಧ ಪಟ್ಟಿ.

ವಿಸ್ತೀರ್ಣದ ವಿಷಯವನ್ನೂ ಹೇಳಬೇಕು. ಊರೊಂದು ಹಳ್ಳಿಯೋ ಪಟ್ಟಣವೋ ಎಂದು ಗಣತಿಯವರು ತೀರ್ಮಾನಿಸಲು 2011ರಲ್ಲಿ ಬಳಸಿದ ಅಳತೆ ಮೂರು: ಕನಿಷ್ಠ 5,000 ಜನ, ಗಂಡಸರಲ್ಲಿ ಮುಖ್ಯ ದುಡಿಮೆಗಾರರಾದವರ ಪೈಕಿ ನೂರಕ್ಕೆ 75ರಷ್ಟು ಬೇಸಾಯೇತರ ಕೆಲಸದಲ್ಲಿರಬೇಕು, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ. ಮೊದಲ ಎರಡನ್ನು ಗಣತಿದಾರರು ಮನೆಬಾಗಿಲಿನಲ್ಲಿ ಕೇಳಿ ಬರೆಯುತ್ತಾರೆ. ಮೂರನೆಯದಕ್ಕೆ ಭಾಗಾಕಾರ ಬೇಕು, ಭಾಗಾಕಾರಕ್ಕೆ ಊರಿನ ವಿಸ್ತೀರ್ಣ ಬೇಕು, ಅದು ಬರುವುದು ನಿಮ್ಮ ಗಡಿಯಿಂದ. 5,200 ಜನರ ಊರಿನ ವಿಸ್ತೀರ್ಣ 12 ಚದರ ಕಿಲೋಮೀಟರ್ ಎಂದಾದರೆ ಸಾಂದ್ರತೆ 433, ಅದು ಪಟ್ಟಣವಾಗಬಹುದು. 13.5 ಎಂದಾದರೆ 385, ಅದು ಹಳ್ಳಿಯೇ. ಬೇರ್ಪಟ್ಟ ತಾಂಡಾದ ಜನರನ್ನು ಕಳೆದು, ಅದರ ನೆಲವನ್ನು ಕಳೆಯಲು ಮರೆತರೆ ಸಾಂದ್ರತೆ ಸುಮ್ಮನೆ ಕುಸಿಯುತ್ತದೆ. ಹಳ್ಳಿ, ಪಟ್ಟಣ ಎಂಬ ಈ ವಿಂಗಡಣೆಯ ಮೇಲೆಯೇ ಹಲವು ಯೋಜನೆಗಳು ನಿಂತಿವೆ. ಆಹಾರ ಭದ್ರತಾ ಕಾಯ್ದೆಯೇ ದೇಶದ ಹಳ್ಳಿಗಾಡಿನ ಶೇ. 75, ಪಟ್ಟಣಗಳ ಶೇ. 50 ಜನರವರೆಗೆ ಎಂದು ಬೇರೆ ಬೇರೆ ಮಿತಿ ಇಟ್ಟಿದೆ.

ಬೆಂಗಳೂರಿನ ಗೋಜಲು ಬೇರೆಯದೇ. 198 ವಾರ್ಡುಗಳಿದ್ದ ನಗರ ಈಗ ಐದು ಪಾಲಿಕೆಗಳ 369 ವಾರ್ಡು. ಅಲ್ಲಿ ಮಾತನಾಡುವವರು ಬೇಕಾದಷ್ಟು ಜನ ಇದ್ದಾರೆ. ಈ ಪತ್ರ ಅವರಿಗಲ್ಲ.

ಹಿಂದುಳಿದ ತಾಲೂಕುಗಳ ಲೆಕ್ಕವನ್ನು ನೆನಪಿಸುತ್ತೇನೆ. ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿ 175 ತಾಲೂಕುಗಳನ್ನು ಅಳೆದು 114 ತಾಲೂಕುಗಳು ಹಿಂದುಳಿದಿವೆ ಎಂದು ಹೇಳಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಎರಡು ದಶಕ ಈ ರಾಜ್ಯದ ವಿಶೇಷ ಅಭಿವೃದ್ಧಿಯ ಹಣ ಆ ಪಟ್ಟಿಯನ್ನು ನೋಡಿಕೊಂಡು ಹರಿಯಿತು. ಆಮೇಲೆ ಆ ತಾಲೂಕುಗಳು ಒಡೆದವು. ಕೂಡ್ಲಿಗಿಯಿಂದ ಕೊಟ್ಟೂರು ಬೇರೆಯಾಯಿತು. ಕೊಟ್ಟೂರು ಮುಂದೆ ಹೋಗಿದೆಯೋ ಹಿಂದೆ ಬಿದ್ದಿದೆಯೋ ಎಂದು ನೋಡಬೇಕಾದರೆ ಹಳೆಯ ಕೂಡ್ಲಿಗಿಯ ಅಂಕಿಯಲ್ಲಿ ಕೊಟ್ಟೂರಿನ ಊರುಗಳ ಪಾಲೆಷ್ಟು ಎಂಬುದು ಗೊತ್ತಾಗಬೇಕು. ಗೊತ್ತಾಗದೆ ಹೋದರೆ ಬಡ ಹೋಬಳಿಯೊಂದು ತನಗಿಂತ ಉಳ್ಳ ತಾಲೂಕಿನ ಸರಾಸರಿಯೊಳಗೆ ಹುದುಗಿಹೋಗುತ್ತದೆ. ಪ್ರಾದೇಶಿಕ ಅಸಮಾನತೆಯನ್ನು ಮತ್ತೆ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಇತ್ತೀಚೆಗೆ ಇನ್ನೊಂದು ಸಮಿತಿ ಮಾಡಿತು. ಯಾವ ಸಮಿತಿಯಾದರೂ ಕೊನೆಗೆ ಬಂದು ನಿಲ್ಲುವುದು ಊರಿನ ಪಟ್ಟಿಯ ಮುಂದೆಯೇ.

ಈ ಸಲದ ಗಣತಿ ಮೊಬೈಲ್ ಆ್ಯಪಿನಲ್ಲಿ ನಡೆಯುತ್ತದೆ, ಬ್ಲಾಕುಗಳ ಗಡಿಯನ್ನು ತೆರೆಯ ಮೇಲೆ ಎಳೆಯುತ್ತಾರೆ, ಕಟ್ಟಡಗಳಿಗೆ ಸ್ಥಳದ ಗುರುತು ಬೀಳುತ್ತದೆ. ಒಳ್ಳೆಯದೇ. ಆದರೆ ತೆರೆಯ ಮೇಲೆ ಎಳೆದ ಗೆರೆ ನೆಲದ ಮೇಲೂ ಸರಿಯಾಗಿರುತ್ತದೆ ಎಂಬ ಭರವಸೆ ಎಲ್ಲೂ ಇಲ್ಲ. 2025ರಲ್ಲಿ ನಮ್ಮ ರಾಜ್ಯದಲ್ಲೇ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ವಿದ್ಯುತ್ ಮೀಟರನ್ನು ಆಧಾರವಾಗಿಟ್ಟುಕೊಂಡು ಮನೆಗಳನ್ನು ಗುರುತಿಸಿ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು. ಮೀಟರೇ ಇಲ್ಲದ ಗುಡಿಸಲನ್ನು ಹುಡುಕಬೇಕಾದವರು ಕಾಲುನಡಿಗೆಯಲ್ಲೇ ಹುಡುಕಬೇಕು.

ತಹಶೀಲ್ದಾರರು ಚಾರ್ಜ್ ಅಧಿಕಾರಿಗಳಾಗಿ ಬ್ಲಾಕು ವಿಂಗಡಿಸುವಾಗ ಊರು ತೋರಿಸುವವರು ನೀವು. ಒಂದು ಬ್ಲಾಕಿಗೆ ಸುಮಾರು ಆರುನೂರರಿಂದ ಎಂಟುನೂರು ಜನ. ಮುನ್ನೂರು ಜನರ ತಾಂಡಾವನ್ನು ಮೂಲ ಗ್ರಾಮದ ಒಂದು ಕೇರಿಯ ಜೊತೆ ಬೆರೆಸಿ ಒಂದು ಬ್ಲಾಕು ಮಾಡಿಬಿಡುವುದು ಸುಲಭ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಗಡಿ ನಿಂತುಹೋದ ದಿನದೊಳಗೆ ಕಂದಾಯ ಗ್ರಾಮವಾಗದ, ಪ್ರಸ್ತಾವನೆಯಲ್ಲೇ ಉಳಿದ ತಾಂಡಾಗಳು, ಹಟ್ಟಿಗಳು ಎಷ್ಟೋ ಇವೆ. ಈ ಗಣತಿಯಲ್ಲಿ ಅವು ಮೂಲ ಗ್ರಾಮದ ಹೆಸರಲ್ಲೇ ಎಣಿಕೆಯಾಗುತ್ತವೆ. ಅವುಗಳಿಗೆ ಸ್ವಂತ ಬ್ಲಾಕು ಇದ್ದರೆ, ನಕ್ಷೆಯ ಮೇಲೆ ಅವುಗಳ ಹೆಸರಿದ್ದರೆ, ನಾಳೆ ಅವು ಊರಾದಾಗ 2027ರ ಅಂಕಿಯನ್ನು ಎತ್ತಿ ಕೊಡಬಹುದು. ಬೆರೆಸಿಬಿಟ್ಟರೆ ಬೇರ್ಪಡಿಸಲು ಯಾವ ತಂತ್ರಜ್ಞಾನದಿಂದಲೂ ಆಗುವುದಿಲ್ಲ. ನಾಗರಹೊಳೆಯ ಸುತ್ತಿನ ಜೇನುಕುರುಬರ ಹಾಡಿಗಳಿಗೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೂ ಇದೇ ಮಾತು ಸಲ್ಲುತ್ತದೆ. ಅರಣ್ಯದೊಳಗಿನ ಇಂಥ ವಸತಿಗಳನ್ನು ಕಂದಾಯ ಗ್ರಾಮ ಮಾಡುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಕೊಟ್ಟಿದೆ. ಹಾಡಿಯ ಅಂಕಿ ಬೇರೆಯಾಗಿ ಸಿಕ್ಕರೆ ಆ ಹಕ್ಕು ಕೇಳುವವರ ಕೈಗೆ ಒಂದು ಆಧಾರ ಸಿಗುತ್ತದೆ. ಆಲಮಟ್ಟಿಯ ಹಿನ್ನೀರಿನ ಕಡೆಯವರು ಮುಳುಗಿದ ಊರನ್ನೂ ಅದರ ಪುನರ್ವಸತಿ ಕೇಂದ್ರವನ್ನೂ ಒಂದೇ ಹೆಸರಿನಲ್ಲಿ ಬರೆಯದೆ, ಕೇಂದ್ರ ಯಾವ ಊರಿನ ಜಮೀನಿನಲ್ಲಿ ಎದ್ದಿದೆ ಎಂದು ಸೂಚಿಸಿದರೆ ಎಷ್ಟೋ ಗೊಂದಲ ತಪ್ಪುತ್ತದೆ.

ನೀವು ಎಳೆದುಕೊಟ್ಟ ಗೆರೆ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದೂ ನಿಮಗೆ ತಿಳಿದಿರಬೇಕು. ಅಮೆರಿಕದ ಜನಗಣತಿ ಇಲಾಖೆ 1990ರ ಗಣತಿಗೆಂದು ‘ಟೈಗರ್’ ಎಂಬ ಗಡಿದತ್ತಾಂಶವನ್ನು ಕಟ್ಟಿತು. ಈಗ ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದು. ಅದರ ಜೊತೆಗೆ, ಹಿಂದಿನ ಗಣತಿಯ ಯಾವ ತುಂಡು ಈ ಗಣತಿಯ ಯಾವ ತುಂಡಿಗೆ ಹೋಯಿತು ಎಂದು ಹೇಳುವ ಸಂಬಂಧಪಟ್ಟಿಯನ್ನೂ ಪ್ರಕಟಿಸುತ್ತಾರೆ. ನಮ್ಮಲ್ಲಿ 2011ರ ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ತಾಲೂಕು ನಕ್ಷೆಗಳಿವೆ. ಅವು ಚಿತ್ರಗಳು, ಅವುಗಳ ಮೇಲೆ ಲೆಕ್ಕ ಮಾಡಲಾಗುವುದಿಲ್ಲ. ಆ ಕೊರತೆಯನ್ನು ತುಂಬಲು ‘ಡೇಟಾಮೀಟ್’ ಎಂಬ ಸ್ವಯಂಸೇವಕರ ಬಳಗ ಊರಿನ ಗಡಿಗಳನ್ನು ಕಲೆಹಾಕಿತು. ಹಲವು ಗಣತಿಗಳ ಊರುಗಳನ್ನು ಒಂದಕ್ಕೊಂದು ಹೊಂದಿಸಿ ಅರ್ಥಶಾಸ್ತ್ರಜ್ಞರ ಇನ್ನೊಂದು ತಂಡ ‘ಶ್ರಗ್’ ಎಂಬ ದತ್ತಾಂಶ ಕಟ್ಟಿತು. ಅವರ ಶ್ರಮಕ್ಕೆ ನಾನು ಋಣಿ. ಆದರೆ ಸರ್ಕಾರದ ಕೈಯಲ್ಲಿ ಇದ್ದೇ ಇರುವ ಸಂಗತಿಯನ್ನು ಹೊರಗಿನವರು ಊಹೆ ಮಾಡಿ ಮತ್ತೆ ಕಟ್ಟಬೇಕಾದದ್ದು ಸರಿಯಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಯ ನಿಯಮಗಳನ್ನು ಸಡಿಲಿಸಿತು, 2022ರ ಕೊನೆಗೆ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ ಬಂತು. ಇನ್ನು ಮುಚ್ಚಿಡಲು ಕಾರಣ ಉಳಿದಿಲ್ಲ. 2027ರ ಅಂಕಿಗಳನ್ನು ಬಿಡುಗಡೆ ಮಾಡುವ ದಿನವೇ, ಅವುಗಳನ್ನು ಯಾವ ಗೆರೆಯೊಳಗೆ ಎಣಿಸಿದರೋ ಆ ಗೆರೆಗಳನ್ನೂ ಊರಿನ ಮಟ್ಟದವರೆಗೆ ಪ್ರಕಟಿಸಬೇಕು ಎಂದು ನಾವು ರಿಜಿಸ್ಟ್ರಾರ್ ಜನರಲ್ ಕಚೇರಿಯನ್ನು ಕೇಳುತ್ತಲೇ ಇರುತ್ತೇವೆ. ಮನೆಗಳ ಗುರುತನ್ನು ಕೇಳುತ್ತಿಲ್ಲ. ಮನೆಯ ವಿವರ ಗುಟ್ಟಾಗಿರಬೇಕೆಂದು 1948ರ ಜನಗಣತಿ ಕಾಯ್ದೆ ಹೇಳುತ್ತದೆ, ಅದು ಹಾಗೆಯೇ ಇರಲಿ. ಊರಿನ ಗಡಿಯಲ್ಲಿ ಗುಟ್ಟೇನಿದೆ?

ನಿಮ್ಮ ಮೇಲಿರುವ ಹೊರೆ ನನಗೆ ಗೊತ್ತು. ಬೆಳೆ ಸಮೀಕ್ಷೆ, ಆಧಾರ್ ಜೋಡಣೆ, ಪಿಂಚಣಿ, ಅತಿಕ್ರಮಣ, ಬರ, ನೆರೆ, ಚುನಾವಣೆ, ಹತ್ತಾರು ಆ್ಯಪು. ಅದೇ ಕಾರಣಕ್ಕೆ ನೀವು ಕೆಲಸ ನಿಲ್ಲಿಸಿ ಬೀದಿಗೆ ಬಂದಿದ್ದೂ ಉಂಟು, ನಿಮ್ಮ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಆದ್ದರಿಂದ ಹೊಸ ಆ್ಯಪನ್ನಾಗಲಿ ಹೊಸ ನಮೂನೆಯನ್ನಾಗಲಿ ಕೇಳುತ್ತಿಲ್ಲ. ನಿಮ್ಮ ವೃತ್ತದ ಪ್ರತಿ ಕಂದಾಯ ಗ್ರಾಮಕ್ಕೆ ಒಂದು ಹಾಳೆ ಸಾಕು. ಮೇಲೆ ಊರಿನ ಹೆಸರು, 2011ರ ಗಣತಿ ಸಂಖ್ಯೆ, ಡೈರೆಕ್ಟರಿಯ ಸಂಖ್ಯೆ, ‘ಭೂಮಿ’ಯ ಸಂಖ್ಯೆ. ಕೆಳಗೆ, 2011ರಿಂದ 2025ರ ಡಿಸೆಂಬರ್ 31ರವರೆಗೆ ಈ ಊರಿನಿಂದ ಯಾವ ಊರು ಬೇರೆಯಾಯಿತು, ಯಾವ ಸರ್ವೆ ನಂಬರುಗಳು ಹೋದವು, ಪಟ್ಟಣದ ಮಿತಿಗೆ ಏನು ಸೇರಿತು, ಯಾವ ಹೋಬಳಿಯಿಂದ ಯಾವ ಹೋಬಳಿಗೆ ಬಂತು, ಆದೇಶದ ಸಂಖ್ಯೆ, ದಿನಾಂಕ. ಆದೇಶ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ಇನ್ನೂ ಊರಾಗದ ತಾಂಡಾ, ಹಟ್ಟಿ, ಹಾಡಿಗಳ ಹೆಸರನ್ನು, ಅಲ್ಲಿಯವರು ಕರೆಯುವಂತೆಯೇ, ಕೊನೆಯಲ್ಲಿ ಸೇರಿಸಿ. ಏನೂ ಬದಲಾಗದ ಊರುಗಳೇ ಹೆಚ್ಚಿರುತ್ತವೆ. ಅಂಥ ಊರಿಗೆ ‘ಬದಲಾವಣೆ ಇಲ್ಲ’ ಎಂಬ ಎರಡು ಪದ ಸಾಕು. ನಮಗೆ ಅದೂ ಅಮೂಲ್ಯವೇ.

ಬರೆದ ಹಾಳೆಯ ಒಂದು ಪ್ರತಿ ತಹಶೀಲ್ದಾರರ ಕಚೇರಿಗೆ, ಒಂದು ಪ್ರತಿ ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ, ಒಂದು ಪ್ರತಿ ನಿಮ್ಮ ನಂತರ ಆ ಕುರ್ಚಿಗೆ ಬರುವವರಿಗೆ. ಗ್ರಾಮಸಭೆಯಲ್ಲಿ ಒಮ್ಮೆ ಓದಿ ಹೇಳಿ. ಹಿರಿಯರು ‘ಹಂಗಲ್ಲ, ಆ ಹೊಲ ನಮ್ಮೂರಿನದಲ್ಲ’ ಎಂದರೆ ಅಲ್ಲಿಯೇ ತಿದ್ದಿಕೊಳ್ಳಿ. ತಲೆಎಣಿಕೆಗೆಂದು ಮೇಷ್ಟ್ರು, ಮೇಡಮ್ಮುಗಳು 2027ರ ಫೆಬ್ರವರಿಯಲ್ಲಿ ಮನೆಬಾಗಿಲಿಗೆ ಹೋಗುವ ಮುಂಚೆ ಇದು ಮುಗಿದಿದ್ದರೆ ಅವರ ಕೈಗೂ ಒಂದು ಪ್ರತಿ ಕೊಡಬಹುದು. ಹಾಳೆಯ ಕೊನೆಗೆ ನಿಮ್ಮ ಸಹಿ ಇರಲಿ, ಸಹಿಯ ಕೆಳಗೆ ತಾರೀಕು ಇರಲಿ.

ನಿಮ್ಮ ಅಂಕಿಗಳನ್ನು ನಂಬಿ ನಕ್ಷೆ ಮಾಡುವ,
ಒಬ್ಬ ನಾಗರಿಕ